ಇಪ್ಪತ್ತೆರಡು ಸೆಕೆಂಡು

ಸೆಪ್ಟೆಂಬರ್ ಹದಿನೈದರ ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಬಿಳಿಕಲ್ದೊಡ್ಡಿಯ ಚಲುವಯ್ಯನ ನಂಬರಿಗೆ ನಮ್ಮ ಯಂತ್ರದಿಂದ ಕರೆ ಹೋಗಿದೆ. ಕರೆಯನ್ನು ಎತ್ತಿಕೊಂಡಿದ್ದಾರೆ. ಸಂದೇಶವನ್ನು ಇಪ್ಪತ್ತೆರಡು ಸೆಕೆಂಡು, ಅಂದರೆ ಪೂರ್ತಿ, ಕೇಳಿದ್ದಾರೆ.

ವರದಿಯಲ್ಲಿ ಈ ಮೂರು ವಾಕ್ಯಗಳನ್ನು ಬರೆದವಳು ನಾನು. ನಾಲ್ಕನೆಯದನ್ನು ಬರೆಯುವ ಅಗತ್ಯವಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅದಾದ ಅರ್ಧ ಗಂಟೆಗೆ ಚಲುವಯ್ಯ ತನ್ನ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಆನೆಯ ಕಾಲಿಗೆ ಸಿಕ್ಕಿ ಸತ್ತಿದ್ದ.

ನಮ್ಮ ಆಫೀಸು ರಾಮನಗರದಲ್ಲಿ, ರೇಷ್ಮೆ ಹುರಿ ಮಾಡುವ ಒಂದು ಕಾರ್ಖಾನೆಯ ಮೇಲಿನ ಮಹಡಿಯಲ್ಲಿದೆ. ಕೆಳಗೆ ತಿರುಗುವ ಯಂತ್ರಗಳ ಸದ್ದು ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ ಹತ್ತುತ್ತದೆ. ಕರೆಂಟು ಹೋದಾಗ ಮಾತ್ರ ಅದು ನಿಲ್ಲುತ್ತದೆ. ಆಗ ನಾವೆಲ್ಲ ಯಾಕೋ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡುತ್ತೇವೆ. ನಾನು ಕುದೂರಿನವಳು. ಬಿ.ಎಸ್ಸಿ. ಮುಗಿಸಿ ಇಲ್ಲಿಗೆ ಸೇರಿ ಮೂರು ವರ್ಷವಾಯಿತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನಮ್ಮ ಕೆಲಸ.

ಕಾಡಂಚಿನ ಹಳ್ಳಿಗಳಿಗೆ ಆನೆ ಬಂದ ಸುದ್ದಿ ಮುಟ್ಟಿಸುವ ವ್ಯವಸ್ಥೆಯೊಂದನ್ನು ಒಂದು ಟ್ರಸ್ಟಿನವರು ನಮ್ಮ ಕಂಪನಿಯಿಂದ ಮಾಡಿಸಿದ್ದರು. ಆನೆ ಕಂಡ ಕಾವಲುಗಾರ ಮೊಬೈಲಿನಲ್ಲಿ ಗುಂಡಿಯೊಂದನ್ನು ಒತ್ತಿದರೆ ಸಾಕು, ಸುತ್ತಲಿನ ಮನೆಗಳಿಗೆಲ್ಲ ಯಂತ್ರವೇ ಫೋನ್ ಮಾಡಿ, ಮೊದಲೇ ಧ್ವನಿ ಹಿಡಿದಿಟ್ಟ ಎಚ್ಚರಿಕೆಯನ್ನು ಕೇಳಿಸುತ್ತದೆ.

ನಾವು ಹುಡುಕುವ ಕ್ರಮಕ್ಕೆ ಸೆಷನ್ ಎನ್ನುತ್ತಾರೆ. ತೊಂಬತ್ತು ನಿಮಿಷ. ಹಾಳೆಯ ತಲೆಯಲ್ಲಿ ಒಂದೇ ಸಾಲು, ಈ ಹೊತ್ತು ಯಾವುದನ್ನು ಹುಡುಕಬೇಕೆಂದು. ಅದು ಚಾರ್ಟರ್. ಇದನ್ನು ಒತ್ತು, ಅದನ್ನು ನೋಡು ಎಂದು ಯಾರೂ ಹೇಳಿಕೊಡುವುದಿಲ್ಲ. ಗೊತ್ತಿಲ್ಲದ ಮನೆಯಲ್ಲಿ ಗೋಡೆ ತಡವಿಕೊಂಡು ನಡೆದಂತೆ ಹೋಗಬೇಕು, ನಡೆದ ದಾರಿಯನ್ನು ನಿಮಿಷ ನಿಮಿಷಕ್ಕೂ ಬರೆಯಬೇಕು. ಕೊನೆಗೆ ನಮ್ಮ ನಾಲ್ವರ ತಂಡದ ಲೀಡ್ ಮಹೇಂದ್ರ ಸರ್ ಎದುರು ಕೂತು ಹಾಳೆಯನ್ನು ಓದಿ ಹೇಳಬೇಕು. ಅವರು ಸಹಿ ಹಾಕುತ್ತಾರೆ. ದಾರಿಯಲ್ಲಿ ಚಾರ್ಟರಿಗೆ ಸೇರದ ಏನಾದರೂ ಕಣ್ಣಿಗೆ ಬಿದ್ದರೆ ಅದರ ಹಿಂದೆ ಹೋಗುವ ಹಾಗಿಲ್ಲ. ಹಾಳೆಯ ಕೊನೆಗೊಂದು ಚೌಕವಿದೆ, ಅದರಲ್ಲಿ ಬರೆದಿಡಬೇಕು. ಆ ಚೌಕದ ಹೆಸರು 'ಆಮೇಲೆ'.

ಚಲುವಯ್ಯ ಸತ್ತ ನಾಲ್ಕನೇ ದಿನಕ್ಕೆ ನಮ್ಮ ವರದಿ ಹೋಯಿತು. ಟ್ರಸ್ಟಿನವರು ಅದನ್ನು ಊರಿಗೆ ಒಯ್ದು ಅರಳಿಕಟ್ಟೆಯ ಮೇಲೆ ನಿಂತು ಓದಿದರಂತೆ. ಈ ಸುದ್ದಿಯನ್ನು ಮಹೇಂದ್ರ ಸರ್ ಊಟದ ಡಬ್ಬಿ ಬಿಚ್ಚುತ್ತ ಹೇಳಿದರು.

"ಫೋನ್ ಎತ್ತಿದ್ದು ಅವ್ನ ಹೆಂಡ್ತಿ ಅಂತೆ. ಏನೂ ಕೇಳಿಸ್ಲಿಲ್ಲ, ಯಾರೂ ಮಾತಾಡ್ಲಿಲ್ಲ ಅಂತಾಳಂತೆ. ಊರೋರು ಬಿಡ್ತಾರಾ? ಪೂರ್ತಿ ಕೇಳ್ಸ್ಕೊಂಡು ಗಂಡನ್ನ ತೋಟಕ್ಕೆ ಕಳ್ಸಿದ್ದಾಳೆ ಅಂತ ಹಿಡ್ಕೊಂಡಿದ್ದಾರೆ."

"ಯಾ ಅಲ್ಲಾ," ಎಂದಳು ಅಸ್ರಾ. ಚನ್ನಪಟ್ಟಣದ ಹುಡುಗಿ, ನನ್ನ ಪಕ್ಕದ ಕುರ್ಚಿ. "ಏನಕ್ಕೆ ಹಂಗ್ ಮಾಡ್ತಾಳೆ ಸರ್?"

"ಏನಕ್ಕೋ. ನಮ್ಮ ದಾಖಲೆ ಸರಿ ಇದೆ ತಾನೇ? ಅಷ್ಟು ಸಾಕು."

ದಾಖಲೆ ಸರಿಯಿತ್ತು.

ಅಕ್ಟೋಬರ್ ಮೊದಲ ವಾರ, ಮುಂದಿನ ತಿಂಗಳ ಚಾರ್ಟರುಗಳನ್ನು ಮಾಡಲು ಹಳೆಯ ಹಾಳೆಗಳ 'ಆಮೇಲೆ' ಚೌಕಗಳನ್ನೆಲ್ಲ ಒಟ್ಟು ಮಾಡುವಂತೆ ಸರ್ ನನಗೆ ಹೇಳಿದರು. ಆಗಸ್ಟ್ ಐದರ ಹಾಳೆ ಬಂತು. ನನ್ನದೇ. ಚೌಕದಲ್ಲಿ ಒಂದು ಸಾಲು: "11.48. ಫೋನ್ ತಡವಾಗಿ ಎತ್ತಿದೆ. ಮೌನ. ಯಾರೂ ಮಾತಾಡಲಿಲ್ಲ. ದಾಖಲೆಯಲ್ಲಿ ಮಾತ್ರ 22 ಸೆಕೆಂಡು ಕೇಳಿದೆ ಎಂದಿದೆ. ಸಿಗ್ನಲ್ ಇರಬಹುದು. ಆಮೇಲೆ ನೋಡು."

ಕೆಳಗೆ ಮಹೇಂದ್ರ ಸರ್ ಸಹಿ.

ಆ ದಿನ ನೆನಪಾಯಿತು. ಚಾರ್ಟರ್ ಇದ್ದದ್ದು ಇನ್ನೂರು ನಂಬರಿಗೆ ಒಟ್ಟಿಗೆ ಕರೆ ಹೋದರೆ ಪಟ್ಟಿ ಸರಿಯಾಗಿ ಬರುತ್ತದೆಯೇ ಎಂಬುದರ ಬಗ್ಗೆ. ನನ್ನ ಫೋನಿನ ಚಾರ್ಜು ಮುಗಿದಿತ್ತೆಂದು ಅಸ್ರಾಳ ಫೋನಿಟ್ಟುಕೊಂಡಿದ್ದೆ. ಯಾರೋ ಬೋಂಡ ತಂದಿದ್ದರು. ಎಣ್ಣೆಗೈ ತೊಳೆಯಲು ಹೋದಾಗ ಫೋನು ಬಡಿದುಕೊಂಡಿತು. ಕೈ ಒರೆಸಿಕೊಂಡು ಬಂದು ಎತ್ತಿ ಕಿವಿಗಿಟ್ಟರೆ ಏನೂ ಇಲ್ಲ. ಬರಿದಾದ ಮೌನವಲ್ಲ. ಬಾವಿಯೊಳಗೆ ಕಿವಿಗೊಟ್ಟಂತೆ, ಆಚೆ ಯಾರೋ ಉಸಿರು ಹಿಡಿದು ನಿಂತಂತೆ. ನನಗೆ ಅಂಥ ಮೌನಗಳ ಮೇಲೆ ಚಿಕ್ಕಂದಿನಿಂದಲೂ ಒಂದು ಸೆಳೆತ. ಕರೆ ಕಡಿಯುವವರೆಗೂ ಕಿವಿಯಲ್ಲೇ ಇಟ್ಟುಕೊಂಡಿದ್ದೆ. ಆಮೇಲೆ ಪಟ್ಟಿಯ ಕಡೆ ತಿರುಗಿದ್ದೆ.

"ಏನೇ ಲತಾಮಣಿ, ದೆವ್ವ ಕಂಡಂಗೆ ಕೂತಿದ್ದೀಯ?" ಎಂದಳು ಅಸ್ರಾ.

"ನಿನ್ನ ಫೋನ್ ಕೊಡು. ಅದಕ್ಕೆ ಆನೆ ಕರೆ ಬಿಡು. ನಾನು ಏಳನೇ ರಿಂಗಿಗೆ ಎತ್ತುತ್ತೀನಿ."

"ಎತ್ತು. ನನ್ನ ಕಾಲರ್ ಟ್ಯೂನ್ ಬಗ್ಗೆ ಮಾತ್ರ ಏನೂ ಅನ್ನಬೇಡ. ನಮ್ಮಣ್ಣ ಹಾಕ್ಸಿದ್ದು, ತೆಗೆಯೋಕ್ಕೇ ಬರ್ತಿಲ್ಲ."

ಏಳನೇ ರಿಂಗಿಗೆ ಎತ್ತಿದೆ. ಅದೇ ಬಾವಿ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ: ಕರೆ ಎತ್ತಲಾಗಿದೆ, ಕೇಳಿದ ಅವಧಿ 22 ಸೆಕೆಂಡು. ನನ್ನ ಫೋನಿಗೆ ಕರೆ ಬಿಟ್ಟು ಏಳನೇ ರಿಂಗಿಗೆ ಎತ್ತಿದೆ. ಎಚ್ಚರಿಕೆ ಮೊದಲಿನಿಂದ ಸರಿಯಾಗಿ ಕೇಳಿತು. ಮತ್ತೆ ಅಸ್ರಾಳದು. ಎರಡನೇ ರಿಂಗಿಗೆ ಎತ್ತಿದರೆ ಮಾತಿನ ಬಹುಪಾಲು ಸಿಕ್ಕಿತು. ಏಳನೆಯದಕ್ಕೆ ಏನೂ ಇಲ್ಲ.

ಅಸ್ರಾಳೇ ಮೊದಲು ಹಿಡಿದಳು. "ಹಾಡು ಕಣೇ. ನಿನ್ ಫೋನಲ್ಲಿ ಅದಿಲ್ಲ, ನಂದ್ರಲ್ಲಿದೆ. ಕಾಲರ್ ಟ್ಯೂನ್ ಶುರುವಾದ ತಕ್ಷಣ ಯಾರೋ ಎತ್ತಿದ್ರು ಅಂದ್ಕೊಂಡ್ಬಿಡುತ್ತೆ ನಮ್ಮ ಯಂತ್ರ. ಹಾಡಿನ ಜೊತೆ ಮಾತಾಡುತ್ತೆ. ಮನುಷ್ಯರು ಎತ್ತೋ ಹೊತ್ತಿಗೆ ಹೇಳೋದೆಲ್ಲ ಹೇಳಿ ಮುಗ್ಸಿರುತ್ತೆ."

ಮುಗಿಸಿದ ಮೇಲೂ ಯಂತ್ರ ತಕ್ಷಣ ಕರೆ ಬಿಡುವುದಿಲ್ಲ. ಮತ್ತೆ ಕೇಳಬೇಕೆನ್ನುವವರು ಒಂದನ್ನು ಒತ್ತಲಿ ಎಂದು ಸ್ವಲ್ಪ ಹೊತ್ತು ಕಾಯುತ್ತದೆ. ನಾನು ಕೇಳಿದ್ದು ಆ ಕಾಯುವಿಕೆಯನ್ನು. ನಾವು ನಾಲ್ವರೂ ಆರು ತಿಂಗಳು ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡು ಪರೀಕ್ಷೆ ಮಾಡಿದ್ದೆವು. ತಡವಾಗಿ ಎತ್ತಲು ನಮ್ಮಲ್ಲಿ ಯಾರಿಗೂ ಬೇರೆ ಕೆಲಸವಿರಲಿಲ್ಲ.

ಮಹೇಂದ್ರ ಸರ್ ಹಾಳೆಯನ್ನು ಎರಡು ಸಲ ಓದಿದರು. ಎದ್ದು ಬಾಗಿಲು ಹಾಕಿ ಬಂದರು.

"ಈ ಬಗ್ಗನ್ನ ಇವತ್ತೇ ಸರಿ ಮಾಡ್ಸೋಣ. ಸಂಜೆಯೊಳಗೆ. ಅದರಲ್ಲಿ ಎರಡು ಮಾತಿಲ್ಲ."

"ವರದಿ ಸರ್?"

"ವರದಿ ಹೋಗಾಗಿದೆ." ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ತೆಗೆದು ಹಾಕಿದರು. "ನೀನು ಬರ್ದೆ, ನಾನು ಓದಿ ಸಹಿ ಹಾಕ್ದೆ. ಇಬ್ಬರ ಕೈಯೂ ಇದೆ. ಇದನ್ನ ಹೊರಗೆ ತೆಗೆದ್ರೆ ನಮ್ಮ ನಾಲ್ಕು ಜನರ ಕೆಲಸ ಇರಲ್ಲ. ಸತ್ತೋನು ಎದ್ದು ಬರ್ತಾನಾ?"

"ಅವನ ಹೆಂಡ್ತಿ ಬದುಕಿದ್ದಾಳಲ್ಲ ಸರ್."

ಆ ಹೊತ್ತಿಗೇ ಕರೆಂಟು ಹೋಗಿ ಕೆಳಗಿನ ಸದ್ದು ನಿಂತಿತು. ಇಬ್ಬರೂ ತಲೆಯೆತ್ತಿ ನೋಡಿಕೊಂಡೆವು.

ಸಂಜೆಗೆ ಬಗ್ ಸರಿಹೋಯಿತು. ಅಷ್ಟರಿಂದ ನನಗೆ ನಿದ್ದೆ ಬರಬೇಕಾಗಿತ್ತು.

ಮರುದಿನ ಹತ್ತು ಗಂಟೆಗೆ ಆಫೀಸಿನ ಮೆಟ್ಟಿಲ ಮೇಲೆ ನಿಂತು ಚಲುವಯ್ಯನ ನಂಬರಿಗೆ ಫೋನ್ ಮಾಡಿದೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡಿದ್ದೆ. ಮಾದೇಶ್ವರನ ಮೇಲಿನ ಒಂದು ಹಾಡು ಕೇಳಿಸಿತು, ಕಂಸಾಳೆಯ ಸದ್ದಿನೊಂದಿಗೆ. ಸತ್ತವನು ಬದುಕಿದ್ದಾಗ ಆರಿಸಿಕೊಂಡ ಹಾಡು. ಹಾಡು ನಿಂತಿತು. "ಅಲೋ," ಎಂದಿತು ಹೆಣ್ಣು ದನಿ. "ಅಲೋ, ಯಾರು?" ನನ್ನ ಬಾಯಿ ತೆರೆದೇ ಇತ್ತು. ಮಾತು ಬರಲಿಲ್ಲ. ಅವಳೇ ಇಟ್ಟಳು.

ಎರಡನೇ ದಿನವೂ ಹಾಗೇ ಆಯಿತು.

ಮೂರನೇ ದಿನ ಅವಳು ಅಲೋ ಎನ್ನಲಿಲ್ಲ. ಎತ್ತಿಕೊಂಡು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಅವಳ ಕಡೆಯಿಂದ ಕೋಳಿಯೊಂದರ ಸದ್ದು, ದೂರದಲ್ಲಿ ಯಾರೋ ಕೊಡ ಇಟ್ಟ ಸದ್ದು. ನನ್ನ ಕಡೆಯಿಂದ ಅವಳಿಗೆ ಏನು ಕೇಳಿಸಿತೋ ಗೊತ್ತಿಲ್ಲ. ಕೊನೆಗೆ ಅವಳು ಬೇರೆ ಯಾರಿಗೂ ಕೇಳಿಸಬಾರದೆಂಬಂತೆ, ಬಹಳ ಮೆತ್ತಗೆ ಕೇಳಿದಳು.

"ನೀವೇಯಾ?"

ಫೋನು ನನ್ನ ಕೈಯಿಂದ ಜಾರಿ ಎರಡು ಮೆಟ್ಟಿಲು ಕೆಳಗೆ ಬಿತ್ತು.

ಶನಿವಾರ ರಜೆ ಹಾಕಿದೆ. ಆಗಸ್ಟ್ ಐದರ ಹಾಳೆಯ ಒಂದು ಪ್ರತಿ, ಒಂದು ಖಾಲಿ ಹಾಳೆ, ಎರಡನ್ನೂ ಚೀಲದಲ್ಲಿಟ್ಟುಕೊಂಡೆ. ಆಫೀಸಿನ ಪರೀಕ್ಷೆಯ ಯಂತ್ರದಲ್ಲಿ ಸರಿಮಾಡದ ಹಳೆಯ ಸಾಫ್ಟ್‌ವೇರನ್ನು ಅಸ್ರಾ ಉಳಿಸಿಕೊಂಡಿದ್ದಳು. ಹನ್ನೊಂದೂವರೆಗೆ ಸರಿಯಾಗಿ ಅದರಿಂದ ಚಲುವಯ್ಯನ ನಂಬರಿಗೆ ಒಂದು ಕರೆ ಬಿಡುವುದು ಅವಳ ಪಾಲಿನ ಕೆಲಸ.

"ಸರ್ ಬಂದು ಕೇಳಿದ್ರೆ?" ಎಂದೆ.

"ಚಾರ್ಟರ್ ಲತಾಮಣಿ ಹತ್ರ ಐತೆ, ಕೇಳ್ಕೊಳ್ಳಿ ಅಂತೀನಿ. ಹೋಗೇ, ಬಸ್ ತಪ್ಪುತ್ತೆ."

ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ಹೊಂಗನೂರಿಗೆ ಹೋದೆ, ಅಲ್ಲಿಂದ ಆಟೋ, ಕೊನೆಯ ಅರ್ಧ ಮೈಲಿ ನಡಿಗೆ. ದಾರಿಯುದ್ದಕ್ಕೂ ಹಿಪ್ಪುನೇರಳೆ ಸೊಪ್ಪು ಎದೆಯುದ್ದ ಬೆಳೆದಿತ್ತು. ಒಂದು ಕಡೆ ಮಾತ್ರ ಹತ್ತು ಹೆಜ್ಜೆಯಷ್ಟು ಜಾಗದಲ್ಲಿ ಗಿಡಗಳು ಮುರಿದು, ಮತ್ತೆ ಚಿಗುರಿ, ಕುಳ್ಳಗಿದ್ದವು. ನಾನು ಅಲ್ಲಿ ನಿಲ್ಲಲಿಲ್ಲ.

ಮನೆಯ ಜಗಲಿಯ ಮೇಲೆ ಚಲುವಯ್ಯನ ತಾಯಿ ಮಾರಮ್ಮ ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗುಡಿಸುತ್ತಿದ್ದಳು. ಚಲುವಯ್ಯನ ತಮ್ಮ ಕೆಂಪಯ್ಯ ಅಂಗಳದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಯಾರೆಂದು ಹೇಳಿದೆ.

"ಓಹೋ, ಆನೆ ಫೋನಿನೋರು ಬಂದ್ಬುಟ್ರಾ!" ಎಂದ ಕೆಂಪಯ್ಯ. "ಇನ್ನೊಂದ್ ಪೇಪರ್ ತಂದ್ರಾ? ಮೊದ್ಲು ಓದಿದ್ದೇ ಇನ್ನೂ ಅರಗಿಲ್ಲ ನಮ್ಗೆ."

"ಒಸಿ ಸುಮ್ಕಿರ್ಲಾ," ಎಂದಳು ಮಾರಮ್ಮ. ನನ್ನ ಕಡೆಗೂ ನೋಡಲಿಲ್ಲ.

ಗೋಡೆಗೊರಗಿ ಕೂತಿದ್ದವಳು ಚಲುವಯ್ಯನ ಹೆಂಡತಿ ಧನಲಕ್ಷ್ಮಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಪಕ್ಕದಲ್ಲಿ ಕಟ್ಟಿಟ್ಟ ಬಟ್ಟೆಯ ಬ್ಯಾಗು. ಸೋಮವಾರ ಅವಳ ಅಣ್ಣ ಕನಕಪುರದ ಕಡೆಯಿಂದ ಬಂದು ಕರೆದುಕೊಂಡು ಹೋಗುತ್ತಾನೆಂದು ಕೆಂಪಯ್ಯನೇ ಹೇಳಿದ. ಕಾರಣವನ್ನೂ ಮುಚ್ಚಿಡಲಿಲ್ಲ. "ಕೇಳುಸ್ಕೊಂಡು ಸುಮ್ಕಿದ್ದೋಳ ಕೈಗೆ ಹುಳಿನ ಮನೆ ಕೊಡಕಾಯ್ತದಾ?"

ನಾನು ಧನಲಕ್ಷ್ಮಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಅಕ್ಕ, ಆವತ್ತು ಬೆಳಿಗ್ಗೆ ಏನೇನು ಮಾಡಿದ್ರಿ? ಒಂದೊಂದೇ ಹೇಳಿ."

"ಎಲ್ರುಗೂ ಯೋಳಿದ್ದೀನಿ."

"ನಂಗಿನ್ನೂ ಹೇಳಿಲ್ಲ."

ಅವಳು ನೆಲ ನೋಡುತ್ತ ಹೇಳಿದಳು. ಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಕಳಚಿದ್ದವು, ಹಸಿವು ಹೆಚ್ಚಿನ ದಿನಗಳು. ಐದು ಗಂಟೆಗೇ ಹುಳಿನ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಫೋನು ಇದ್ದದ್ದು ಮನೆಯ ಕಿಟಕಿಯಲ್ಲಿ, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ಬಡಿದುಕೊಳ್ಳುವುದು ಕೇಳಿತು. ಹುಳಿನ ಮನೆಯಿಂದ ಹಾಗೇ ಓಡಿಬರುವ ಹಾಗಿಲ್ಲ. ತಟ್ಟೆಯ ಸೊಪ್ಪು ಸರಿಮಾಡಿ, ಬಾಗಿಲು ಹಾಕಿ, ಔಷಧಿ ನೀರಲ್ಲಿ ಕೈ ಅದ್ದಿ, ಒರೆಸಿಕೊಂಡು ಅಂಗಳ ದಾಟಿ ಬಂದು ಎತ್ತಿದಳು.

"ಯಾರೂ ಮಾತಾಡ್ನಿಲ್ಲ. ಅವ್ರು ಎದ್ದು ಕೂತಿದ್ರು. ಯಾರ್ದಮ್ಮೀ ಫೋನು ಅಂದ್ರು. ಯಾರೂ ಇಲ್ಲ ಅಂದೆ. ಕರೆಂಟ್ ಬಂದೈತೆ, ಮೋಟ್ರು ಹಾಕ್ಬುಟ್ ಬತ್ತೀನಿ ಅಂದೋರು..." ಅಲ್ಲಿಗೆ ನಿಲ್ಲಿಸಿದಳು. ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡು, "ಈ ವಾರ ಮೂರು ದಿನ ಮತ್ತೆ ಬಂತು. ಅಂಗೇಯಾ. ಸುಮ್ಕೆ."

"ನನ್ ಮಗ ಕರೀತಾವ್ನೆ ಇವ್ಳ," ಎಂದಳು ಮಾರಮ್ಮ, ಕಸಪೊರಕೆ ನಿಲ್ಲಿಸದೆ. "ನ್ಯಾಯ ಕೇಳಕ್ಕೆ."

ನಾನು ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತು. ಖಾಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ತಲೆಯ ಸಾಲಿನಲ್ಲಿ ಬರೆದೆ: "ಧನಲಕ್ಷ್ಮಿಯವರು ಆ ಬೆಳಿಗ್ಗೆ ಮಾಡಿದಂತೆಯೇ ಮಾಡಿದರೆ ಏನು ಕೇಳುತ್ತದೆ ನೋಡು." ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿದೆ.

"ಅವ್ಳು ಒಳೀಕ್ ಹೋಗಂಗಿಲ್ಲ," ಎಂದಳು ಮಾರಮ್ಮ.

"ಒಳಗೆ ಬೇಡ ಅಜ್ಜಿ. ಹೊಸಲಿನ ಹತ್ರ ನಿಂತ್ರೆ ಸಾಕು. ನೀವು ಕಿಟಕಿ ಹತ್ರ ಬನ್ನಿ."

ಧನಲಕ್ಷ್ಮಿ ಹುಳಿನ ಮನೆಯ ಹೊಸಲಿನಲ್ಲಿ ನಿಂತಳು. ಒಳಗಿನಿಂದ ಸಣ್ಣ ಮಳೆ ಬಿದ್ದಂಥ ಸದ್ದು ಬರುತ್ತಿತ್ತು, ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು. ಹನ್ನೊಂದೂವರೆಗೆ ಫೋನು ಬಡಿದುಕೊಂಡಿತು. ಧನಲಕ್ಷ್ಮಿ, ಎದುರಿಗೆ ತಟ್ಟೆ ಇಲ್ಲದಿದ್ದರೂ, ಸೊಪ್ಪನ್ನು ಗಾಳಿಯಲ್ಲೇ ಸರಿಮಾಡಿದಳು. ಬಾಗಿಲನ್ನು ಎಳೆದಳು. ಬಕೆಟ್ಟಿಗೆ ಬಗ್ಗಿ ಕೈ ಅದ್ದಿದಳು, ಸೆರಗಿಗೆ ಒರೆಸಿಕೊಂಡಳು. ಅಂಗಳ ದಾಟಿದಳು. ಅವಸರ ಮಾಡಲಿಲ್ಲ, ಅಂದೂ ಮಾಡಿರಲಿಲ್ಲ. ನಾನು ಎಣಿಸುತ್ತಿದ್ದೆ. ಏಳನೇ ರಿಂಗಿಗೆ ಎತ್ತಿ ಕಿವಿಗಿಟ್ಟಳು.

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಇದೇಯಾ," ಎಂದಳು. ಫೋನನ್ನು ಅತ್ತೆಯ ಕಿವಿಗೆ ಒತ್ತಿದಳು.

ಮಾರಮ್ಮ ಕೇಳಿದಳು. ಕೆಂಪಯ್ಯ ಕೈಯಲ್ಲಿದ್ದ ಹಗ್ಗ ಬಿಟ್ಟು ಹತ್ತಿರ ಬಂದ.

"ಏನಂತೆ ಅವ್ವಾ?"

"ಏನೂ ಇಲ್ಲ ಕಣ್ಲಾ." ಆಕೆಯ ದನಿ ಒಣಗಿತ್ತು. "ಯಾರೋ ಅವ್ರೆ. ಮಾತಾಡ್ತಿಲ್ಲ."

ನನ್ನ ಫೋನಿಗೆ ಅಸ್ರಾ ಪರದೆಯ ಚಿತ್ರ ಕಳಿಸಿದಳು. ಕೆಂಪಯ್ಯನಿಗೆ ತೋರಿಸಿದೆ. ಅವನು ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದ. "ಕರೆ ಎತ್ತಲಾಗಿದೆ. ಕೇಳಿದ ಅವಧಿ ಇಪ್ಪತ್ತೆರಡು ಸೆಕೆಂಡು." ಓದಿ ಮುಗಿಸಿ ನನ್ನನ್ನೇ ನೋಡುತ್ತ ನಿಂತ. ಅರಳಿಕಟ್ಟೆಯ ಮೇಲೆ ಓದಿದ್ದೂ ಇದೇ ವಾಕ್ಯ.

ಹೇಗಾಯಿತೆಂದು ಹೇಳಿದೆ. ಹಾಡು, ಯಂತ್ರ, ತಡವಾಗಿ ಎತ್ತಿದ್ದು. ಅವರ ಮನೆಯ ಫೋನಿನಲ್ಲಿ ತಪ್ಪಿಲ್ಲ, ಧನಲಕ್ಷ್ಮಿಯವರದೂ ತಪ್ಪಿಲ್ಲ ಎಂದೆ. ಇಲ್ಲಿಗೆ ನಿಲ್ಲಿಸಿ ಎದ್ದು ಬಂದಿದ್ದರೆ ಅವರು ನನಗೆ ಕಾಫಿ ಕೊಡುತ್ತಿದ್ದರೋ ಏನೋ. ಚೀಲದಿಂದ ಇನ್ನೊಂದು ಹಾಳೆ ತೆಗೆದೆ.

"ಇದು ಆಗಸ್ಟ್ ಐದರದು. ಈ ಮೌನಾನ ನಾನು ಆವತ್ತೇ ಕೇಳಿದ್ದೆ. ಆಮೇಲೆ ನೋಡೋಣ ಅಂತ ಬರೆದಿಟ್ಟೆ. ನೋಡ್ಲಿಲ್ಲ. ಪೂರ್ತಿ ಕೇಳಿದ್ದಾರೆ ಅಂತ ವರದಿ ಬರ್ದವಳೂ ನಾನೇ." ಉಸಿರು ತೆಗೆದುಕೊಂಡೆ. "ಈ ವಾರ ಮೂರು ಸಲ ಫೋನ್ ಮಾಡಿ ಮಾತಾಡ್ದೆ ಇದ್ದವಳೂ ನಾನೇ. ಇದನ್ನ ಹೇಳೋಕ್ಕೆ ಮಾಡಿದ್ದೆ. ಬಾಯಿ ಬರ್ಲಿಲ್ಲ."

ಧನಲಕ್ಷ್ಮಿ ನನ್ನ ಮುಖವನ್ನು ಮೊದಲ ಬಾರಿಗೆ ನೋಡಿದಳು. ಅವಳ ಕಣ್ಣಿನಲ್ಲಿ ಏನೋ ಆರಿದ್ದು ಕಂಡಿತು. ಮೂರು ದಿನದಿಂದ ಅವಳು ಯಾರನ್ನು ಕಾಯುತ್ತಿದ್ದಳೋ ಅವನನ್ನು ನಾನು ಎರಡನೇ ಸಲ ಕಿತ್ತುಕೊಂಡಿದ್ದೆ.

ಮಾರಮ್ಮ ಬೆರಳು ಮಡಿಸುತ್ತ ಲೆಕ್ಕ ಹಾಕಿದಳು. "ನಲವತ್ತೊಂದು ದಿವ್ಸ," ಎಂದಳು. "ನಲವತ್ತೊಂದು ದಿವ್ಸ ಏನವ್ವ ಮಾಡ್ತಿದ್ದೆ ನೀನು?"

ಕೆಂಪಯ್ಯ ಏನೋ ಬೈಯಲು ಬಾಯಿ ತೆರೆದವನು, ಅತ್ತಿಗೆಯ ಬಟ್ಟೆಯ ಬ್ಯಾಗಿನ ಮೇಲೆ ಕಣ್ಣು ಬಿದ್ದು ತಲೆ ತಗ್ಗಿಸಿ ಹಿತ್ತಲ ಕಡೆಗೆ ಹೋದ.

"ಅದು ಯೋಳೋದು ಏನು?" ಎಂದಳು ಧನಲಕ್ಷ್ಮಿ.

"ಯಾವುದಕ್ಕ?"

"ಆ ಫೋನು. ನಂಗೆ ಕೇಳದೆ ಇದ್ದಿದ್ದು. ಅದ್ರಾಗೆ ಏನೈತೆ ಅಂತ ಯಾರೂ ಯೋಳ್ನಿಲ್ಲ ನಂಗೆ."

ಅದು ನನಗೆ ಬಾಯಿಪಾಠ. ಸಾವಿರ ಸಲ ಕೇಳಿದ್ದೆ. ಅಂಗಳದಲ್ಲಿ ನಿಂತು, ನನ್ನದೇ ದನಿಯಲ್ಲಿ ಹೇಳಿದೆ. "ಎಚ್ಚರಿಕೆ. ನಿಮ್ಮ ಊರಿನ ಹತ್ತಿರ ಆನೆಗಳು ಬಂದಿವೆ. ಬೆಳಕು ಹರಿಯುವವರೆಗೆ ಯಾರೂ ತೋಟಕ್ಕಾಗಲಿ ಪಂಪ್‌ಸೆಟ್ಟಿನ ಹತ್ತಿರಕ್ಕಾಗಲಿ ಹೋಗಬೇಡಿ. ಮನೆಯೊಳಗೇ ಇರಿ. ಮಕ್ಕಳನ್ನು, ದನಕರುಗಳನ್ನು ಹೊರಗೆ ಬಿಡಬೇಡಿ. ಅಕ್ಕಪಕ್ಕದವರಿಗೂ ತಿಳಿಸಿ. ಈ ಸಂದೇಶವನ್ನು ಮತ್ತೆ ಕೇಳಲು ಒಂದನ್ನು ಒತ್ತಿ."

"ಇಷ್ಟೇಯಾ?"

"ಇಷ್ಟೇ."

"ಇನ್ನೊಂದ್ ಸಲ ಯೋಳಿ."

ಹೇಳಿದೆ. ಈ ಸಲ 'ಪಂಪ್‌ಸೆಟ್ಟಿನ ಹತ್ತಿರಕ್ಕಾಗಲಿ' ಎನ್ನುವಲ್ಲಿ ಅವಳು ತನಗೆ ತಾನೇ ಎಂಬಂತೆ ತಲೆಯಾಡಿಸಿದಳು, ಗಂಡನಿಗೆ ಹೇಳುವ ಮಾತನ್ನು ನೆನಪಿಟ್ಟುಕೊಳ್ಳುವವಳ ಹಾಗೆ.

ಯಾರೂ ಅಳಲಿಲ್ಲ. ಹುಳಿನ ಮನೆಯೊಳಗೆ ಮಳೆಯ ಸದ್ದು ತೆಳುವಾಗಿತ್ತು, ಸೊಪ್ಪು ಮುಗಿದಿತ್ತು. ಮಾರಮ್ಮ ಮತ್ತೆ ಪೊರಕೆ ಕೈಗೆತ್ತಿಕೊಂಡಳು. ಸೊಸೆಯ ಮುಖ ನೋಡದೆ ಹೇಳಿದಳು.

"ಹುಳ ಹಸ್ದವೆ. ಹೋಗು, ಸೊಪ್ಪಾಕು."

ಧನಲಕ್ಷ್ಮಿ ಒಂದು ಕ್ಷಣ ನಿಂತಳು. ಆಮೇಲೆ ಬಕೆಟ್ಟಿನ ಹತ್ತಿರ ಬಗ್ಗಿ, ಮೊಣಕೈವರೆಗೂ ತೊಳೆದುಕೊಂಡು, ಹೊರೆಯಿಂದ ಒಂದು ತೆಕ್ಕೆ ಸೊಪ್ಪೆತ್ತಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ಈಗ ಕಂಡದ್ದನ್ನೆಲ್ಲ ಹೊಸ ಹಾಳೆಯಲ್ಲಿ ಬರೆದು, ಎರಡು ಹಾಳೆಗಳ ಫೋಟೋ ತೆಗೆದುಕೊಂಡು, ಅವನ್ನು ಜಗಲಿಯ ಮೇಲಿಟ್ಟೆ. ನಾಳೆ ಟ್ರಸ್ಟಿನವರಿಗೂ ಒಂದೊಂದು ಪ್ರತಿ ಕಳಿಸುತ್ತೇನೆ, ಅವರು ಬಂದು ಅದೇ ಕಟ್ಟೆಯ ಮೇಲೆ ನಿಂತು ಇದನ್ನೂ ಓದಬೇಕೆಂದು ಬರೆಯುತ್ತೇನೆ ಎಂದೆ. ಮಾರಮ್ಮ ಗುಡಿಸುತ್ತಲೇ ಇದ್ದಳು. ನಾನು ಗೇಟು ದಾಟುವಾಗ ಹಿಂದಿನಿಂದ ಕರೆದಳು.

"ಏ ಅಮ್ಮಣ್ಣಿ."

ತಿರುಗಿದೆ.

"ಇನ್ಮೇಲೆ ಆ ಫೋನ್‌ಗೆ ಫೋನ್ ಮಾಡ್ಬೇಡ," ಎಂದಳು. ಒಂದೆರಡು ಕಡ್ಡಿ ಗುಡಿಸಿ, ನಿಲ್ಲಿಸಿ, ಸೇರಿಸಿದಳು. "ಮಾಡುದ್ರೆ ಮಾತಾಡು."